ಗಿರಾಕಿ ವೇಷದವರಿಗೆ ಬೆಂಗಾವಲು ಗಟ್ಟಿಯಿರಲಿ

ಮಾನ್ಯರೇ,

ಗಾಂಜಾ, ಆನೆದಂತ ಮಾರುವವರನ್ನು ಹಿಡಿಯಲು ಪೊಲೀಸರು, ಅರಣ್ಯ ಸಿಬ್ಬಂದಿ ಗಿರಾಕಿಗಳ ವೇಷದಲ್ಲಿ ಹೋಗುವುದುಂಟು. ಬಯಲುಸೀಮೆಯ ಲೆಕ್ಕಾಚಾರ ಕೊಡಗಿನಲ್ಲಿ ನಡೆಯದು. ಕೇರಳ ಗಡಿಯ ಮಾಕುಟ್ಟ ಘಾಟಿಯಂಥ ಕಡೆ ‘ಮಿಸ್ಡ್ ಕಾಲ್ ಕೊಡು, ಬರುತ್ತೇವೆ’ ಎಂಬ ಬೆಂಗಾವಲು ತಂಡದ ಮಾತನ್ನೇ ನೆಚ್ಚಿಕೊಂಡರೆ, ಸಿಗ್ನಲ್ ಸಿಗದ ತಿರುವಿನಲ್ಲಿ ಒಳಗೆ ಹೋದವರು ಒಂಟಿ. ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮೊಬೈಲ್, ವಾಕಿಟಾಕಿ ಎರಡನ್ನೂ ಪರೀಕ್ಷಿಸಬೇಕು. ಮಾಲು ಕಂಡಾಗ ಟೋಪಿ ತೆಗೆಯುವುದು, ಅಪಾಯ ಕಂಡಾಗ ಟವೆಲ್ ಕೊಡವುವುದು, ಹೀಗೆ ಎರಡು ಬೇರೆ ಸನ್ನೆಗಳಿರಲಿ. ಮಳೆಗಾಲದ ಮಂಜಿನಲ್ಲಿ ಇವೂ ಕಾಣುವುದಿಲ್ಲ. ಮಂಜು ಇಳಿದರೆ ಅರ್ಧಕ್ಕೇ ವಾಪಸಾಗುವ ಅಧಿಕಾರ ಒಳಗೆ ಹೋದವರಿಗೇ ಇರಬೇಕು, ಮೇಲಧಿಕಾರಿಯ ಅಪ್ಪಣೆಗೆ ಕಾಯುವಂತಾಗಬಾರದು.

ಇನ್ನು ವೇಷದ ವಿಚಾರ. ‘ಯಾವ ಊರು, ಯಾರ ಮನೆಯವರು?’ ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಸುಳ್ಳು ಮನೆತನ ಹೇಳಿದರೆ ಎರಡೇ ಮಾತಿಗೆ ಸಿಕ್ಕಿಬೀಳುತ್ತಾರೆ. ಹೊರಜಿಲ್ಲೆಯ ಕರಿಮೆಣಸಿನ ವ್ಯಾಪಾರಿ ಎಂದರೆ ಚೆನ್ನ, ಆದರೆ ಅಂದಿನ ಮೆಣಸಿನ ದರ ಬಾಯಲ್ಲಿರಬೇಕು.

ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ, ಜಮ್ಮಾ ಭೂಮಿಯ ಹಿಡುವಳಿದಾರರಿಗೆ ವಿನಾಯಿತಿ ಇರುವ ಜಿಲ್ಲೆಯಿದು; ಮನೆಯಲ್ಲಿ ಕೋವಿ ಇರಬಹುದು. ಹಾಗಾಗಿ ವ್ಯವಹಾರ ತೋಟದ ಮನೆಯೊಳಗೆ ಬೇಡ, ರಸ್ತೆಬದಿಯಲ್ಲಿರಲಿ. ದಾಳಿ ತಂಡದ ಪ್ರತಿಯೊಬ್ಬರಿಗೂ ಗಿರಾಕಿ ವೇಷದವರ ಮುಖ, ಅಂದಿನ ಅಂಗಿಯ ಬಣ್ಣ ಗೊತ್ತಿರಬೇಕು. ಇಲ್ಲದಿದ್ದರೆ ಗದ್ದಲದಲ್ಲಿ ಮೊದಲ ಏಟು ನಮ್ಮವರಿಗೇ ಬೀಳುತ್ತದೆ.

– ನಿವೃತ್ತ ಪೊಲೀಸ್ ಸಿಬ್ಬಂದಿ, ಮಡಿಕೇರಿ