‘1-0-0’ ಎಂದು ಬರೆದರೆ ಸಾಲದು

ಮಾನ್ಯರೇ,

ಸಕ್ಕರೆ ಕಾಯಿಲೆಯೂ ಥೈರಾಯ್ಡ್ ಕೊರತೆಯೂ ಒಟ್ಟಿಗಿರುವವರ ಔಷಧ ಚೀಟಿಯಲ್ಲಿ ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ), ಗ್ಲಿಮೆಪಿರೈಡ್ (ಸಕ್ಕರೆ ಇಳಿಸುವ ಮಾತ್ರೆ), ಕ್ಯಾಲ್ಸಿಯಂ ಮೂರರ ಮುಂದೆಯೂ ಹಲವು ಬಾರಿ ‘1-0-0’ ಎಂದಷ್ಟೇ ಇರುತ್ತದೆ. ಬೆಳಿಗ್ಗೆ ಒಂದು ಎಂದರ್ಥ. ರೋಗಿ ಮೂರನ್ನೂ ಅಂಗೈಗೆ ಹಾಕಿಕೊಂಡು ಒಟ್ಟಿಗೆ ನುಂಗುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ ಹೋಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ. ಗ್ಲಿಮೆಪಿರೈಡ್, ಇನ್ಸುಲಿನ್ ಇದಕ್ಕೆ ತದ್ವಿರುದ್ಧ. ಅವು ಒಳಗೆ ಹೋದ ಮೇಲೆ ತಿಂಡಿ ತಡವಾಗಕೂಡದು. ಎರಡನ್ನೂ ಆರು ಗಂಟೆಗೆ ತೆಗೆದುಕೊಂಡು ‘ಥೈರಾಯ್ಡ್ ಮಾತ್ರೆ ನುಂಗಿದ್ದೀನಿ, ಏಳರ ತನಕ ಏನೂ ಮುಟ್ಟಬಾರದು’ ಎಂದು ಕಾದು ಕೂತರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ಕೈನಡುಕ, ಕಣ್ಣುಕತ್ತಲೆ ಬರಬಹುದು. ಹಾಗಾದಾಗ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಥೈರಾಯ್ಡ್ ನಿಯಮ ಒಂದು ದಿನ ಮುರಿದರೆ ಗಂಟೇನೂ ಹೋಗದು.

ಸರಿಯಾದ ಕ್ರಮ ಸುಲಭವಾಗಿದೆ: ಎದ್ದ ಕೂಡಲೇ ಥೈರಾಕ್ಸಿನ್, ಒಂದು ಗಂಟೆಯ ನಂತರ ತಿಂಡಿ, ಆ ತಿಂಡಿಯ ಹೊತ್ತಿಗೆ ಸಕ್ಕರೆ ಕಾಯಿಲೆಯ ಮಾತ್ರೆ. ಇನ್ಸುಲಿನ್ ಆದರೆ ಬಗೆ ನೋಡಬೇಕು; 30/70 ಎಂಬ ಹಳೆಯ ಬಗೆಯ ಮಿಶ್ರಣವನ್ನು ತಿಂಡಿಗೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಳ್ಳುವುದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಥೈರಾಕ್ಸಿನ್‌ಗೆ ಕರುಳಲ್ಲೇ ಅಂಟಿಕೊಂಡು ಅದನ್ನು ಮೈಗೆ ಹತ್ತಗೊಡುವುದಿಲ್ಲ. ನಾಲ್ಕು ಗಂಟೆ ಅಂತರ ಬೇಕು, ಹಾಗಾಗಿ ಮಧ್ಯಾಹ್ನದ ಊಟಕ್ಕೆ ತಳ್ಳುವುದು ಲೇಸು. ಸಕ್ಕರೆ ಕಾಯಿಲೆಗೆ ಬಾಯಿಗೆ ಹಾಕುವ ಸೆಮಾಗ್ಲುಟೈಡ್ ಮಾತ್ರೆ ಕೂಡ ಈಗ ಇದೇ ಖಾಲಿ ಹೊಟ್ಟೆಗೆ ಪೈಪೋಟಿಗೆ ಬಂದಿದೆ. ಅದನ್ನು ಬರೆಯುವಾಗ ವೈದ್ಯರು ಥೈರಾಕ್ಸಿನ್ ಸಮಯವನ್ನೂ ಹೇಳಿ, ಮುಂದೆ ಟಿಎಸ್‌ಎಚ್ (ಥೈರಾಯ್ಡ್ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ನೋಡಬೇಕಾಗುತ್ತದೆ.

ಸಮಯದ ಮಾತು ಹೀಗಾದರೆ, ಡೋಸಿನದು ಇನ್ನೊಂದು. ಥೈರಾಯ್ಡ್ ಕಡಿಮೆಯಿದ್ದಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಯಕೃತ್ತು ಬಿಡುವ ಗ್ಲೂಕೋಸ್ ತಗ್ಗುತ್ತದೆ. ಹಳೆಯ ಡೋಸೇ ಈಗ ಹೆಚ್ಚಾಗಿ ಸಕ್ಕರೆ ಆಗಾಗ ಕುಸಿಯಬಹುದು. ಥೈರಾಕ್ಸಿನ್ ಶುರು ಮಾಡಿದ ಮೇಲೆ ಚಕ್ರ ತಿರುಗಿ ಸಕ್ಕರೆ ಕೊಂಚ ಏರಬಹುದು. ‘ಈ ಮಾತ್ರೆಯಿಂದಲೇ ಶುಗರ್ ಜಾಸ್ತಿಯಾಯ್ತು’ ಎಂದು ಅದನ್ನು ಬಿಟ್ಟುಬಿಡುವವರಿದ್ದಾರೆ. ಬದಲಿಸಬೇಕಾದದ್ದು ಸಕ್ಕರೆ ಔಷಧದ ಅಳತೆ, ಅದೂ ವೈದ್ಯರ ಕೈಯಲ್ಲಿ. ಥೈರಾಯ್ಡ್ ಅತಿಯಾದವರಲ್ಲಿ ಸಕ್ಕರೆ ಏರುತ್ತದೆ. ಅವರ ಬೆವರು, ಎದೆಬಡಿತ ಸಕ್ಕರೆ ಇಳಿದಾಗಿನಂತೆಯೇ ಇರುವುದರಿಂದ ಗ್ಲೂಕೋಮೀಟರ್ ನೋಡದೆ ಸಿಹಿ ತಿನ್ನಬಾರದು.

ಲ್ಯಾಬ್ ವರದಿಯೂ ದಾರಿ ತಪ್ಪಿಸಬಲ್ಲದು. ಚಿಕಿತ್ಸೆಯಿಲ್ಲದ ಥೈರಾಯ್ಡ್ ಕೊರತೆಯಲ್ಲಿ ಹಳೆಯ ಕೆಂಪು ರಕ್ತಕಣಗಳ ಪಾಲು ಹೆಚ್ಚಿ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಪರೀಕ್ಷೆ) ನಿಜಕ್ಕಿಂತ ಮೇಲೆ ತೋರಬಹುದು. ಬೆಳಗಿನ ಮತ್ತು ಊಟದ ನಂತರದ ಸಕ್ಕರೆಯೊಂದಿಗೆ ತಾಳೆ ನೋಡದೆ, ಅದೊಂದನ್ನೇ ನಂಬಿ ಔಷಧ ಏರಿಸಿದರೆ ಕಷ್ಟ. ಕಾಲು ಉರಿಗೆಂದೋ ಕೂದಲಿಗೆಂದೋ ನುಂಗುವ ವಿಟಮಿನ್ ಮಾತ್ರೆಯಲ್ಲಿ ಬಯೋಟಿನ್ ಇದ್ದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ಬರುತ್ತದೆ. ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಬೇಕು.

ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಕ್ಕಳ ಸಂಗತಿ ಬೇರೆ. ಮೇದೋಜೀರಕ ಗ್ರಂಥಿಯ ಮೇಲೆ ತಿರುಗಿಬಿದ್ದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡನ್ನೂ ಕಾಡಬಹುದು. ಕಾಯಿಲೆ ಗೊತ್ತಾಗಿ ಸಕ್ಕರೆ ಹತೋಟಿಗೆ ಬಂದ ಮೇಲೊಮ್ಮೆ, ನಂತರ ಒಂದೆರಡು ವರ್ಷಕ್ಕೊಮ್ಮೆ ಟಿಎಸ್‌ಎಚ್ ಮಾಡಿಸಲೇಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲೇ ಈ ಪರೀಕ್ಷೆ ಖಾತ್ರಿಯಾಗಿ ಸಿಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ. ವೈದ್ಯರು ‘1-0-0’ರ ಪಕ್ಕದಲ್ಲಿ ‘6 ಗಂಟೆ, ಬರೀ ನೀರು’ ಎಂದು ಕನ್ನಡದಲ್ಲೇ ಬರೆಯಲಿ; ಬರೆಯದಿದ್ದರೆ ಔಷಧದಂಗಡಿಯವರು ಕೇಳಿ ತಿಳಿದು ಡಬ್ಬಿಯ ಮೇಲೆ ಬರೆದುಕೊಡಲಿ.

– ಒಬ್ಬ ಫಾರ್ಮಸಿಸ್ಟ್, ಹಾಸನ