ಅವಲಕ್ಕಿ ಸರವನ್ನು ಗಿರವಿ ಇಡಬೇಡಿ

ಟೋಕಿಯೊ, ಜೂನ್

ತೀರ್ಥರೂಪರಾದ ಅಪ್ಪಯ್ಯನವರಿಗೆ ಸುಮಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಲ್ಲಿ ನೀವೂ ಅಮ್ಮನೂ ಅಜ್ಜಿಯೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ತಲುಪಿತು. ಕೆಲಸದ ಸಂದರ್ಶನಕ್ಕೆ ಒಳ್ಳೆಯ ಉಡುಪು ಬೇಕಾದೀತೆಂದು ಅಮ್ಮನ ಚಿನ್ನದ ಅವಲಕ್ಕಿ ಸರವನ್ನು ಸೊಸೈಟಿಯಲ್ಲಿ ಗಿರವಿ ಇಟ್ಟು ಹಣ ಕಳುಹಿಸುವುದಾಗಿ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮಳೆ ಜೋರಾಗುವ ಮೊದಲು ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಅದಕ್ಕೆ ಬೇಕಾದ ಮೈಲುತುತ್ತದ ಬೆಲೆಯೂ ಮರ ಹತ್ತುವ ಕೊನೆಗಾರರ ಕೂಲಿಯೂ ಎಲ್ಲಿಗೆ ಮುಟ್ಟಿವೆಯೆಂಬುದು ನನಗೆ ತಿಳಿಯದ ವಿಷಯವಲ್ಲ. ಅಡಿಕೆಯ ಕೊಳೆರೋಗ ತಡೆಯಲು ಮೀಸಲಿಡಬೇಕಾದ ಹಣ ನನ್ನ ಉಡುಪಿಗೆ ಹೋಗಕೂಡದು.

ಇಲ್ಲಿ ಕೆಲಸ ಕೇಳಲು ಹೋಗುವವರ ಉಡುಪಿನಲ್ಲಿ ಸಿರಿವಂತಿಕೆ ತೋರಿಸಲು ಅವಕಾಶವೇ ಇಲ್ಲ. ಮುಂದಿನ ವಸಂತದಲ್ಲಿ ಓದು ಮುಗಿಸುವವರ ಆಯ್ಕೆ ಜೂನ್ 1ರಿಂದ ನಡೆಯಬೇಕೆಂಬುದು ಇಲ್ಲಿನ ಕ್ರಮವಾದ್ದರಿಂದ, ಈಗ ಯಾವ ರೈಲು ಹತ್ತಿದರೂ ಕಪ್ಪು ಕೋಟು, ಬಿಳಿ ಅಂಗಿ, ಕಪ್ಪು ಬೂಟು ತೊಟ್ಟ ಹುಡುಗ ಹುಡುಗಿಯರೇ ಕಾಣುತ್ತಾರೆ. ಇದಕ್ಕೆ ರಿಕ್ರೂಟ್ ಸೂಟ್ ಎಂದು ಹೆಸರು. ಗೆರೆಯಾಗಲಿ ಹೊಳಪಾಗಲಿ ಇರಬಾರದು. ದರ್ಜಿಯ ಬಳಿ ಹೊಲಿಸುವ ಅಗತ್ಯವೂ ಇಲ್ಲ. ಸಿದ್ಧ ಉಡುಪಿನ ಅಂಗಡಿಯಲ್ಲಿ 20,000 ಯೆನ್‌ಗೆ, ಅಂದರೆ ನಮ್ಮ 12,000 ರೂಪಾಯಿಯ ಆಸುಪಾಸಿಗೆ, ಗೌರವವಾಗಿ ಕಾಣುವಂಥದ್ದೇ ಸಿಗುತ್ತದೆ. ನಾನು ಆಗಲೇ ಕೊಂಡಿದ್ದೇನೆ. ವಿದ್ಯಾರ್ಥಿಗಳು ಪರವಾನಗಿ ಪಡೆದು ವಾರಕ್ಕೆ 28 ಗಂಟೆಯವರೆಗೆ ದುಡಿಯಬಹುದು. ಸಂಜೆಯ ಆ ದುಡಿಮೆಯಿಂದಲೇ ಹಣ ಹೊಂದಿಸಿದೆ. ಯಾರ ಬಳಿಯೂ ಸಾಲ ಮಾಡಿಲ್ಲ.

ಹೊಸ ಲಂಗದ ಹಿಂಬದಿಯ ಸೀಳು ಮಡಿಕೆ ಕೆಡದಿರಲೆಂದು ಬಿಳಿ ದಾರವನ್ನು ಗುಣಾಕಾರದ ಗುರುತಿನ ಹಾಗೆ ಹಾಕಿ ಕೂಡಿಸಿರುತ್ತಾರೆ, ಕೋಟಿನ ಜೇಬಿನ ಬಾಯನ್ನೂ ಹೊಲಿದಿರುತ್ತಾರೆ. ಅಂಗಡಿಯ ಹೆಂಗಸು ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ, ದಾರದ ಚೂರುಗಳನ್ನು ತನ್ನ ಅಂಗೈಗೆ ಆಯ್ದುಕೊಂಡ ಮೇಲೆಯೇ ನನಗೆ ಬಟ್ಟೆಯನ್ನು ಒಪ್ಪಿಸಿದಳು. ಚೀಲವೂ ಕಪ್ಪೇ ಆಗಬೇಕು, ಎ4 ಕಾಗದ ಮಡಿಸದೆ ಹಿಡಿಸಬೇಕು, ಕುರ್ಚಿಯ ಪಕ್ಕದಲ್ಲಿ ಇಟ್ಟರೆ ವಾಲದೆ ನಿಲ್ಲಬೇಕು. ಸಂದರ್ಶನದ ಕೋಣೆಯ ಬಾಗಿಲನ್ನು ಮೂರು ಸಲ ತಟ್ಟಬೇಕಂತೆ, ಎರಡು ಸಲ ತಟ್ಟುವುದು ಶೌಚಾಲಯಕ್ಕಂತೆ! ನಗು ಬರುತ್ತದೆ, ಆದರೆ ಒಂದು ಮಾತು ಹೇಳಬೇಕು: ಇಷ್ಟೆಲ್ಲ ಕಟ್ಟಳೆಯಿರುವುದರಿಂದಲೇ ಅಡಿಕೆ ತೋಟದವನ ಮಗಳೂ ದೊಡ್ಡ ಅಧಿಕಾರಿಯ ಮಗನೂ ಆ ಕೋಣೆಯಲ್ಲಿ ಒಂದೇ ಬೆಲೆಯ ಬಟ್ಟೆಯಲ್ಲಿ ಕುಳಿತಿರುತ್ತಾರೆ. ನನಗಂತೂ ಅದು ಅನುಕೂಲವೇ.

ಸೀರೆ ಉಡಬಾರದೇ ಎಂದು ನೀವು ಕೇಳಿದ್ದೀರಿ. ಉಟ್ಟರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಅವರು ನನ್ನ ಕೆಲಸದ ವಿಷಯ ಬಿಟ್ಟು ಸೀರೆಯ ವಿಷಯವನ್ನೇ ಕೇಳಿಯಾರು. ಅಮ್ಮನಿಗೆ ತಿಳಿಸಿ, ಮೂಗುಬೊಟ್ಟು ತೆಗೆಯುವುದಿಲ್ಲ. ಅರ್ಜಿಗೆ ಅಂಟಿಸಿದ ಭಾವಚಿತ್ರದಲ್ಲಿಯೂ ಅದಿದೆ. ಬಳೆಗಳನ್ನು ಮಾತ್ರ, ಮೇಜಿಗೆ ತಗುಲಿ ಸದ್ದಾಗುವುದರಿಂದ, ಆ ಹೊತ್ತಿಗೆ ತೆಗೆದಿಡುತ್ತೇನೆ. ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಬಿದ್ದೇನೆಂಬ ಅಜ್ಜಿಯ ಭಯವೂ ಬೇಡ. ಹೆಂಗಸರಿಗೆ ಅದನ್ನು ಕಡ್ಡಾಯ ಮಾಡಬಾರದೆಂದು 2019ರಲ್ಲಿ ಇಲ್ಲಿನ ಹೆಂಗಸರೇ ಸರ್ಕಾರಕ್ಕೆ ಮನವಿ ಕೊಟ್ಟಿದ್ದಾರೆ. ನನ್ನದು ತೀರ ತಗ್ಗು.

ಬಾಡಿಗೆ ಕಟ್ಟಿಯಾಗಿದೆ, ಅಕ್ಕಿ ಇದೆ, ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಡಬ್ಬಿ ಇದೆ, ನಿದ್ರೆ ಚೆನ್ನಾಗಿ ಬರುತ್ತದೆ, ಮೈ ತುಸು ತುಂಬಿದೆಯೆಂದೇ ಎಲ್ಲರೂ ಹೇಳುತ್ತಾರೆ. ಆದ್ದರಿಂದ ಹಣದ ಮಾತು ಇಲ್ಲಿಗೆ ಸಾಕು. ಸರ ಈಗಾಗಲೇ ಸೊಸೈಟಿ ಸೇರಿದ್ದರೆ ತಡಮಾಡದೆ ಬಿಡಿಸಿಕೊಂಡು ಬನ್ನಿ, ಬಡ್ಡಿಯಾದಷ್ಟನ್ನು ನಾನೇ ಕಳುಹಿಸುತ್ತೇನೆ. ಅದು ಅಮ್ಮನ ಕೊರಳಿನಲ್ಲಿರುವ ಫೋಟೋ ಒಂದನ್ನು ತಮ್ಮನ ಫೋನಿನಿಂದ ಕಳುಹಿಸಿಸಿ. ಸಂಜೆಯ ಕೆಲಸಕ್ಕೆ ಹೊತ್ತಾಯಿತು, ಉಳಿದದ್ದು ಮುಂದಿನ ಪತ್ರದಲ್ಲಿ.

ನಿಮ್ಮ ಮಗಳು,
ಸುಮಾ