ಒಬ್ಬನೇ ಬೈಕಿನಲ್ಲಿ ಹೊರಟಿರುವ ಗೆಳೆಯನಿಗೆ

ಧಾರವಾಡ

ಪ್ರೀತಿಯ ಗೆಳೆಯಾ,

ಬೆಂಗಳೂರಿನಿಂದ ಹುಬ್ಬಳ್ಳಿ, ಗದಗ, ರೋಣದ ಮೇಲೆ ಬಾದಾಮಿಯವರೆಗೆ ಒಬ್ಬನೇ ಬೈಕಿನಲ್ಲಿ ಬರುವುದಾಗಿ ಬರೆದು, ಜೊತೆಗೆ ಏನೇನು ಇಟ್ಟುಕೊಳ್ಳಬೇಕೆಂದು ಕೇಳಿದ್ದೀಯ. ಕ್ಲಚ್ ಕೇಬಲ್, ಚೈನ್ ಲಿಂಕ್, ನಿನ್ನದು ಸ್ಪೋಕ್ ಚಕ್ರದ ಗಾಡಿಯಾದ್ದರಿಂದ ಮುಂದಿನ ಹಾಗೂ ಹಿಂದಿನ ಟ್ಯೂಬು ಇದ್ದರೆ ಸಾಕು. ಉಳಿದದ್ದಕ್ಕೆ ರಾಣೆಬೆನ್ನೂರು, ಹಾವೇರಿ, ಶಿಗ್ಗಾಂವಿಗಳಲ್ಲಿ ಮೆಕ್ಯಾನಿಕರು ಸಿಗುತ್ತಾರೆ. ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು, ದಾರಿಯಲ್ಲಿ ಗುರುತಿಲ್ಲದವರು ಮಾಡುವ ಉಪಕಾರವನ್ನು ಹೇಗೆ ಸ್ವೀಕರಿಸಬೇಕೆಂಬ ಬಗ್ಗೆ.

ಕಳೆದ ಮಳೆಗಾಲದಲ್ಲಿ ರೋಣದ ಕಡೆ ಹೋಗುತ್ತಿದ್ದಾಗ, ರಸ್ತೆ ಕೆಲಸದ ಕಾರಣ ವಾಹನಗಳನ್ನೆಲ್ಲ ಹೊಲದ ನಡುವಿನ ದಾರಿಗೆ ತಿರುಗಿಸಿದ್ದರು. ಆ ಸೀಮೆಯ ಎರೆಮಣ್ಣು ನಿನಗೆ ಗೊತ್ತಿರಲಾರದು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ ಅದೇ ನೆಲ, ಮಳೆ ಬಿದ್ದೊಡನೆ ನೀರು ಹೀರಿ ಉಬ್ಬಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರವನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ಹೆಸರುಕಾಳಿನ ಹೊಲದಿಂದ ಎದ್ದು ಬಂದ ಹಿರಿಯರೊಬ್ಬರು ಮೊದಲು ಇಂಜಿನ್ ಬಂದ್ ಮಾಡಿಸಿದರು. ಅವರ ಮಾತು ಸರಿಯಾಗಿತ್ತು: ಚಕ್ರ ಸಿಕ್ಕಿಕೊಂಡಿರುವಾಗ ಎಕ್ಸಲೇಟರ್ ಕೊಟ್ಟರೆ ಸುಡುವುದು ಕ್ಲಚ್ ಪ್ಲೇಟು. ಕುಡಗೋಲಿನ ತುದಿಯಿಂದ ಮಣ್ಣು ಕೆದರಿ ತೆಗೆದು, ಮುಂದಿನ ಮಡ್‌ಗಾರ್ಡಿನ ಬೋಲ್ಟು ಬಿಚ್ಚಿಸಿ, ಹುಲ್ಲು ಬೆಳೆದ ಬದುವಿನ ಮೇಲೆ ಗಾಡಿ ನಡೆಸಲು ಹೇಳಿ, ಡಾಂಬರು ಕಾಣುವವರೆಗೂ ಹಿಂದಿನಿಂದ ತಳ್ಳುತ್ತ ಬಂದರು. ತಮ್ಮ ಬುತ್ತಿಯಿಂದ ರೊಟ್ಟಿ, ಶೇಂಗಾ ಚಟ್ನಿಯನ್ನೂ ಕೊಟ್ಟರು. ಯಾವೂರು ಎಂದು ಕೇಳಿದರೇ ಹೊರತು ಬೇರೇನನ್ನೂ ವಿಚಾರಿಸಲಿಲ್ಲ. ನಾನು ಹಣ ತೆಗೆದಾಗ, "ರೊಕ್ಕ ಒಳಗಿಡೊ ತಮ್ಮಾ, ಮತ್ತ ಮಳಿ ಬರೂದ್ರಾಗ ಊರು ಮುಟ್ಟು" ಎಂದರು.

ಅವರು ಕಳೆದುಕೊಂಡದ್ದು ಹೆಸರು ಬಿಡಿಸುವ ಹಂಗಾಮಿನ, ಮಳೆ ಬಿಡುವು ಕೊಟ್ಟಿದ್ದ ಒಂದು ಹೊತ್ತು. ರೈತನಿಗೆ ಅದರ ಬೆಲೆ ಎಷ್ಟೆಂಬುದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಪಂಕ್ಚರ್ ಅಂಗಡಿಯವನಿಗೆ ಅವನ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡು, ಅದು ಅವನ ಹೊಟ್ಟೆಪಾಡು. ಆದರೆ ಹೊಲ ಬಿಟ್ಟು ಬಂದವರ ಮುಂದೆ ಅವಸರದಿಂದ ಪಾಕೀಟು ತೆರೆಯಬೇಡ. ಹಾಗೆ ಮಾಡುವುದರಲ್ಲಿ ಋಣವನ್ನು ಅಲ್ಲಿಗೇ ಮುಗಿಸಿಬಿಡುವ ಆತುರವಿರುತ್ತದೆ ಎಂದು ನನಗೆ ಈಗ ಅನ್ನಿಸುತ್ತದೆ. ಕುಳಿತು ಅವರ ರೊಟ್ಟಿ ತಿನ್ನು, ಬೆಳೆ ಹೇಗಿದೆಯೆಂದು ಕೇಳು.

ಹೆದ್ದಾರಿಯಲ್ಲಿ ಅಪಘಾತ ಕಂಡರೆ ಪೊಲೀಸ್ ಕೇಸಿನ ಭಯದಿಂದ ನಿಲ್ಲಲು ಹಿಂಜರಿಯುವುದಾಗಿ ಹಿಂದೊಮ್ಮೆ ನೀನು ಹೇಳಿದ್ದೆ. ಆ ಭಯ ಈಗ ಬೇಡ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು, ಸದುದ್ದೇಶದಿಂದ ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಕೊಟ್ಟಿದೆ. ಗಾಡಿಯನ್ನು ಬದಿಗೆ ನಿಲ್ಲಿಸಿ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಆ ಮನುಷ್ಯನ ಬಳಿ ಇರು.

ಹೊರಡುವ ತಾರೀಖು ಗೊತ್ತಾದೊಡನೆ ತಿಳಿಸು. ರೋಣದ ರಸ್ತೆ ಹೇಗಿದೆಯೆಂದು ವಿಚಾರಿಸಿ ಇಡುತ್ತೇನೆ. ಹುಬ್ಬಳ್ಳಿಯಿಂದ ಗದಗಿನವರೆಗೆ ನಾನೂ ನನ್ನ ಗಾಡಿಯಲ್ಲಿ ನಿನ್ನ ಜೊತೆ ಬರುತ್ತೇನೆ.

ನಿನ್ನ ಗೆಳೆಯ